ಹೆಣ್ಣು ಜಿಂಕೆ ಹೊಡೆದ ಡಿಸೆಂಬರ್

ಮೊನ್ನೆ ನ್ಯೂಜೆರ್ಸಿಯ ಎಡಿಸನ್ನಿನ ಇಂಡಿಯನ್ ಅಂಗಡಿಯಲ್ಲಿ ತೊಗರಿಬೇಳೆಯ ಚೀಲ ಎತ್ತಿಕೊಳ್ಳುತ್ತಿದ್ದೆ. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳಿಗೆ ಹೇಳಿದ್ದು ಕೇಳಿಸಿತು: "ಇವ್ರೇ ಕಣೇ, ಆ ಜಿಂಕೆ ಹೊಡ್ದೋರು."

ನಾನು ತಿರುಗಿ ನಿಂತೆ. "ಹೆಣ್ಣು ಜಿಂಕೆ," ಅಂದೆ. "ಗಂಡು ಅಂದ್ಕೊಂಡು ಹೊಡ್ದೆ. ಹೇಳೋದಾದ್ರೆ ಪೂರ್ತಿ ಹೇಳಿ."

ಇಬ್ಬರೂ ಕರಿಬೇವಿನ ಪ್ಯಾಕೆಟ್ಟುಗಳನ್ನು ನೋಡತೊಡಗಿದರು. ದುಡ್ಡು ಕೊಟ್ಟು ಪಾರ್ಕಿಂಗ್ ಲಾಟಿಗೆ ಬಂದರೆ ಮಳೆಯೂ ಅಲ್ಲದ ಹಿಮವೂ ಅಲ್ಲದ ಸ್ಲೀಟ್ ಬೀಳುತ್ತಿತ್ತು. ಒದ್ದೆಯಾದ ಜಾಕೆಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ಆ ಡಿಸೆಂಬರ್ ಇಡಿಯಾಗಿ ಕಣ್ಮುಂದೆ ಬಂತು. ಅದನ್ನು ಊರವರು ನಾಲ್ಕು ಥರ ಹೇಳುವುದಕ್ಕಿಂತ ನಾನೇ ಒಂದು ಸಲ ಹೇಳಿಬಿಡುವುದು ಮೇಲು ಅನಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಆಸ್ಪತ್ರೆಯೊಂದರಲ್ಲಿ ಅಲ್ಟ್ರಾಸೌಂಡ್ ಮಾಡುವವಳು. ಬಸುರಿಯರ ಹೊಟ್ಟೆಯ ಮೇಲೆ ಜೆಲ್ ಹಚ್ಚಿ, ಪರದೆಯ ಮೇಲಿನ ಬೂದು ನೆರಳುಗಳಲ್ಲಿ ಮಗುವಿನ ಬೆನ್ನುಮೂಳೆ, ಹೃದಯ, ಕಾಲ್ಬೆರಳು ಹುಡುಕಿ ಕೊಡುತ್ತೇನೆ. ಗಂಡೋ ಹೆಣ್ಣೋ ಅಂತಲೂ ಹೇಳುತ್ತೇನೆ. ದಾವಣಗೆರೆಯಲ್ಲಿ ಈ ಕೆಲಸ ಕಲಿಯುವಾಗ ಅದನ್ನು ಬಾಯಿಬಿಟ್ಟರೆ ಜೈಲು. ಗೋಡೆಯ ಮೇಲೆ ದೊಡ್ಡ ಬೋರ್ಡೇ ಇತ್ತು. ಇಲ್ಲಿ ಹೇಳದಿದ್ದರೆ ಜನ ಮುಖ ಸಣ್ಣದು ಮಾಡುತ್ತಾರೆ. ಹದಿನಾರು ವರ್ಷಗಳಲ್ಲಿ ನಾನು ಒಂದು ಮಗುವನ್ನೂ ತಪ್ಪು ಹೇಳಿಲ್ಲ. ಖಾತ್ರಿಯಾಗದಿದ್ದರೆ "ಇವತ್ತು ಕಾಣ್ತಿಲ್ಲ" ಅಂದುಬಿಡುತ್ತೇನೆ. ಪಕ್ಕದಲ್ಲಿ ಕೂತ ಅತ್ತೆಯರು "ಚೆನ್ನಾಗಿ ನೋಡಮ್ಮ, ಗಂಡೇ ಇರ್ಬೇಕು" ಎಂದರೂ ಕಾಣದ್ದನ್ನು ಕಂಡೆ ಅಂದವಳಲ್ಲ.

ಬೇಟೆ ನನಗೆ ಬಂದದ್ದು ಅದೇ ಆಸ್ಪತ್ರೆಯ ನರ್ಸ್ ಡೆನೀಸ್‌ಳಿಂದ. ಅವಳ ಅಪ್ಪ ವಾಲ್ಟ್‌ಗೆ ಪಶ್ಚಿಮಕ್ಕೆ ಒಂದು ಗಂಟೆಯ ದಾರಿಯಲ್ಲಿ ಜೋಳದ ಹೊಲವಿದೆ. ಜಿಂಕೆಗಳ ಕಾಟ ಅಂದರೆ ಅಷ್ಟಿಷ್ಟಲ್ಲ. ಬೆಳೆದದ್ದರಲ್ಲಿ ಕಾಲು ಭಾಗ ಅವಕ್ಕೇ ಹೋಗುತ್ತಿತ್ತು. ಒಮ್ಮೆ ಡೆನೀಸ್ ಲಂಚಿಗೆ ಜಿಂಕೆ ಮಾಂಸದ ಸಾಸೇಜ್ ತಂದಿದ್ದಳು. ನಾನು ಎರಡು ತಿಂದು, "ಇದನ್ನ ನಾನೂ ಕಲೀಬಹುದಾ?" ಎಂದೆ. ಅವಳು ತಮಾಷೆ ಅಂದುಕೊಂಡಳು. ನಾನು ಹೋಗಿ ಬೇಟೆಯ ಕೋರ್ಸಿಗೆ ಸೇರಿದೆ. ಆ ಕೋಣೆಯಲ್ಲಿದ್ದ ಹೆಂಗಸು ನಾನೊಬ್ಬಳೇ, ಇಂಡಿಯಾದವಳಂತೂ ನಾನೊಬ್ಬಳೇ. ಪರೀಕ್ಷೆ ಬರೆದು ಪಾಸಾದೆ, ಲೈಸೆನ್ಸ್ ತಗೊಂಡೆ, ಕೋವಿ ಇಡಲು ಬೀಗದ ಕಬ್ಬಿಣದ ಪೆಟ್ಟಿಗೆ ತಂದೆ. ನನ್ನ ಗಂಡ ಮಂಜುನಾಥ ಆ ಪೆಟ್ಟಿಗೆಯನ್ನು ಬೇಸ್‌ಮೆಂಟಿಗೆ ಇಳಿಸುವಾಗ ಹೇಳಿದ್ದು ಇಷ್ಟೇ: "ಎಲ್ಲರ ಹೆಂಡ್ತೀರು ಯೋಗ ಕ್ಲಾಸಿಗೆ ಹೋಗ್ತಾರೆ."

ವಾಲ್ಟ್‌ಗೆ ಆಗ ಎಪ್ಪತ್ನಾಲ್ಕು. ಮಾತು ಕಡಿಮೆ. ಹೆಜ್ಜೆ ಗುರುತು ನೋಡುವುದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತಿಳಿಯುವುದು, ಅಲುಗಾಡದೆ ಮೂರು ತಾಸು ಕೂರುವುದು, ಬಿದ್ದ ಪ್ರಾಣಿಯ ಹೊಟ್ಟೆ ಸೀಳಿ ಕರುಳು ತೆಗೆಯುವುದು, ಎಲ್ಲವನ್ನೂ ಅವನೇ ಕಲಿಸಿದ. ಮೊದಲೆರಡು ವರ್ಷ ಹೆಣ್ಣು ಜಿಂಕೆ ಹೊಡೆಯಲು ಅನುಮತಿ ಇದ್ದ ದಿನಗಳಲ್ಲಿ ಹೋಗಿ ಮೂರು ಹೊಡೆದೆ. ಆ ಮಾಂಸಕ್ಕೆ ಧನಿಯಾ, ಮೆಣಸು, ಹುರಿದ ಕೊಬ್ಬರಿ ಅರೆದು ಹಾಕಿ ಸಾರು ಮಾಡಿದರೆ ವಾಲ್ಟ್ ಬೆವರುತ್ತಾ ಮೂರು ಸಲ ಬಡಿಸಿಕೊಳ್ಳುತ್ತಿದ್ದ.

ಆದರೆ ಪಕ್ಕದ ಹೊಲದ ರಿಕ್ ಎಂಬ ಮನುಷ್ಯ ಸಿಕ್ಕಾಗಲೆಲ್ಲ ಕೇಳುತ್ತಿದ್ದ: "ಗಂಡು ಯಾವಾಗ ಹೊಡೀತೀಯ?" ಅವನ ಮನೆಯ ಗೋಡೆಯ ತುಂಬ ಕೊಂಬುಗಳು. ನನಗೆ ಗೋಡೆಗೆ ಹಾಕುವ ಆಸೆ ಇರಲಿಲ್ಲ. ಆದರೂ ಆ ಪ್ರಶ್ನೆ ನನ್ನೊಳಗೆ ಇಳಿದಿತ್ತು. ಮೂರನೆಯ ವರ್ಷ ಡಿಸೆಂಬರಿನ ಕೋವಿ ವಾರಕ್ಕೆ ರಜೆ ಹಾಕಿದೆ. ಸೋಮವಾರದಿಂದ ಶನಿವಾರದವರೆಗೆ ಆರು ದಿನ. ಆ ವಲಯದಲ್ಲಿ ಆ ವಾರ ಗಂಡು ಮಾತ್ರ, ಕೊಂಬಿದ್ದದ್ದು ಮಾತ್ರ. ಹೆಣ್ಣು ಹೊಡೆದರೆ ಅಪರಾಧ.

ಸೋಮವಾರ ಏನೂ ಇಲ್ಲ. ಮಂಗಳವಾರ ಅಳಿಲುಗಳು. ಬುಧವಾರ ಏಳು ಹೆಣ್ಣು ಜಿಂಕೆಗಳು ನನ್ನ ಕಾಲಡಿಯಲ್ಲೇ ಹಾದುಹೋದವು, ಲೈಸೆನ್ಸನ್ನು ಅವೂ ಓದಿದ್ದಾವೇನೋ ಅನ್ನುವಷ್ಟು ನಿಧಾನವಾಗಿ. ಗುರುವಾರ ಮಧ್ಯಾಹ್ನದಿಂದ ಸ್ಲೀಟ್ ಶುರುವಾಯಿತು. ಮರಕ್ಕೆ ಕಟ್ಟಿದ ಏಣಿಯ ಮೇಲಿನ ಪುಟ್ಟ ಸೀಟಿನಲ್ಲಿ ಕೂತಿದ್ದೆ. ಕಿತ್ತಳೆ ಜಾಕೆಟ್ಟಿನ ಮೇಲೆ ಹರಳುಗಳು ಟಪಟಪ ಬೀಳುತ್ತಿದ್ದವು. ಮೂರೂವರೆಯ ಹೊತ್ತಿಗೆ ಹೊಲದಂಚಿನ ಪೊದೆಯಲ್ಲಿ ಒಂದು ಜಿಂಕೆ ತಲೆಯೆತ್ತಿತು. ಒಂಟಿ, ಭರ್ಜರಿ ಕತ್ತು. ತಲೆಯ ಮೇಲೆ ಎರಡು ಕವಲು, ಕವಲಿಗೆ ಮತ್ತೆ ಕವಲು. ಕೋವಿಯ ಮೇಲಿನ ಸ್ಕೋಪಿನಲ್ಲಿ ನೋಡಿದೆ. ಎಡಗಡೆ ಮೂರು ತುದಿ ಎಣಿಸಿದೆ. ಉಸಿರು ಅರ್ಧ ಬಿಟ್ಟು ಹೊಡೆದೆ.

ಅದು ನಲವತ್ತು ಹೆಜ್ಜೆ ಓಡಿ ಬಿತ್ತು. ಇಳಿದು ಹೋದೆ. ಒಂದೇ ಗುಂಡು, ಸರಿಯಾದ ಜಾಗ, ನರಳಿರಲಿಲ್ಲ. ತಲೆಯ ಬಳಿ ಬಗ್ಗಿ ನೋಡಿದರೆ ಎರಡು ಕಿವಿ ಬಿಟ್ಟು ಏನೂ ಇಲ್ಲ. ಕೈಗವಸು ತೆಗೆದು ನೆತ್ತಿ ತಡವಿದೆ. ಕೊಂಬು ಮುರಿದ ಗುರುತೂ ಇಲ್ಲ. ಹಿಂಗಾಲು ಎತ್ತಿ ನೋಡಿದೆ. ಹೆಣ್ಣು.

ಅದು ನಿಂತಿದ್ದ ಜಾಗಕ್ಕೆ ವಾಪಸು ನಡೆದೆ. ಅಲ್ಲಿ ಒಂದು ಸುಮ್ಯಾಕ್ ಗಿಡ, ಎಲೆಯೆಲ್ಲ ಉದುರಿ ಒಣಗಿ ನಿಂತಿತ್ತು. ಅದರ ಎರಡು ಕೊಂಬೆಗಳು ಅತ್ತಿತ್ತ ಚಾಚಿ ಮೇಲಕ್ಕೆ ಬಾಗಿದ್ದವು. ಎಡಗಡೆಯ ಕೊಂಬೆಗೆ ಮೂರು ತುದಿ. ನಾನು ಎಣಿಸಿದ್ದು ಸರಿಯಾಗಿಯೇ ಇತ್ತು.

ಇದಕ್ಕೆ ನೆಪಗಳಿದ್ದವು. ಬೆಳಕು ಕಡಿಮೆ, ಸ್ಲೀಟ್, ಮಸುಕಾದ ಗಾಜು. ಒಂದನ್ನೂ ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ನಾಲ್ಕು ದಿನದಿಂದ ನನಗೆ ಕೊಂಬು ಬೇಕಾಗಿತ್ತು, ಕೊಂಬು ಕಂಡೆ. ಸ್ಕ್ಯಾನಿನ ಕತ್ತಲ ಕೋಣೆಯಲ್ಲಿ ಯಾರಿಗೂ ಮಾಡದ ತಪ್ಪನ್ನು ಹಗಲಿನಲ್ಲಿ ನನಗೇ ಮಾಡಿಕೊಂಡಿದ್ದೆ.

ಗುಂಡಿನ ಸದ್ದು ಕೇಳಿ ವಾಲ್ಟ್ ಹೊಲದ ಆ ತುದಿಯಿಂದ ಬಂದ. ರಿಕ್ ಕೂಡ ತನ್ನ ಟ್ರಕ್ಕಿನಲ್ಲಿ ಬಂದ. ವಾಲ್ಟ್ ಜಿಂಕೆಯನ್ನು ನೋಡಿದ, ಪೊದೆಯನ್ನು ನೋಡಿದ, ಟೋಪಿ ಸರಿಮಾಡಿಕೊಂಡ. ರಿಕ್ ಜೋರಾಗಿ ಸಿಳ್ಳೆ ಹಾಕಿದ.

"ಬಿಟ್ಟು ನಡಿ," ಎಂದ ರಿಕ್. "ಪೊದೆಯೊಳಕ್ಕೆ ಎಳೆದುಬಿಡೋಣ. ಕೊಯೋಟೆಗಳು ಎರಡು ದಿನದಲ್ಲಿ ಮುಗಿಸುತ್ತವೆ. ಎಲ್ಲರಿಗೂ ಆಗುತ್ತೆ ಇದು."

"ನಿನಗೂ ಆಗಿದೆಯಾ?"

ಅವನು ಬಗ್ಗಿ ಬೂಟಿನ ಕೆಸರು ಕೆರೆಯತೊಡಗಿದ. ಗೋಡೆಯ ಕೊಂಬುಗಳ ನಡುವೆ ಎಷ್ಟು ಹೆಣ್ಣು ಜಿಂಕೆಗಳಿವೆಯೋ ಅಂತ ಆಗ ಮೊದಲ ಸಲ ಯೋಚಿಸಿದೆ. ವಾಲ್ಟ್ ಕಡೆ ತಿರುಗಿದೆ. ಅವನು, "ಹೊಡೆದವಳು ನೀನು, ತೀರ್ಮಾನವೂ ನಿನ್ನದೇ," ಅಂದಷ್ಟೇ ಹೇಳಿದ.

ನಾನು ಮೊದಲು ಫೋನ್ ಮಾಡಿದ್ದು ಮಂಜುಗೆ. ಅವನಿಗೆ ಹೇಳದೆ ಮುಂದುವರಿಯುವಂತಿರಲಿಲ್ಲ. ನಾವಿಬ್ಬರೂ ಅಮೆರಿಕದ ಪೌರತ್ವಕ್ಕೆ ಒಟ್ಟಿಗೇ ಅರ್ಜಿ ಹಾಕಿದ್ದೆವು. ಅವನ ಇಂಟರ್ವ್ಯೂ ಮುಗಿದಿತ್ತು. ನನ್ನದು ಜನವರಿಯಲ್ಲಿ, ನೂವಾರ್ಕಿನಲ್ಲಿ. ಆ ಅರ್ಜಿಯಲ್ಲೊಂದು ಪ್ರಶ್ನೆ ಇದೆ: ಯಾವುದಾದರೂ ಅಧಿಕಾರಿ ನಿಮ್ಮ ಮೇಲೆ ಯಾವತ್ತಾದರೂ ಕೇಸು ಬರೆದಿದ್ದಾರೆಯೇ? ಹದಿನಾರು ವರ್ಷ ವೀಸಾ, ಗ್ರೀನ್ ಕಾರ್ಡ್ ಅಂತ ಕಾದವರಿಗೆ ಆ ಒಂದು ಗೆರೆಯ ಭಾರ ಗೊತ್ತು.

ಅವನು ಸೀಕಾಕಸ್‌ನಲ್ಲಿ ರೈಲು ಬದಲಿಸುತ್ತಿದ್ದ. ಹಿನ್ನೆಲೆಯಲ್ಲಿ ಅನೌನ್ಸ್‌ಮೆಂಟ್.

"ರೇಣು, ಪ್ಲೀಸ್," ಎಂದ. "ಆ ರಿಕ್ ಹೇಳಿದ ಹಾಗೆ ಬಿಟ್ಟು ಬಾ. ಯಾರ್ ನೋಡಿದಾರೆ? ಜನವರೀಲಿ ಇಂಟರ್ವ್ಯೂ ಇಟ್ಕೊಂಡು ಈಗ ಇದು ಬೇಕಾ?"

"ಕೊಂದಿದೀನಿ ಮಂಜು. ಕೊಂದು ಕೊಳೆಯೋಕೆ ಬಿಟ್ಟು ಬರ್ಲಾ?"

"ಒಂದು ಜಿಂಕೆಗೋಸ್ಕರ..."

"ಜಿಂಕೆಗೋಸ್ಕರ ಅಲ್ಲ. ನನಗೋಸ್ಕರ. ನಾಳೆ ಒಬ್ಳು ಹೊಟ್ಟೆ ಮೇಲೆ ಕೈ ಇಟ್ಕೊಂಡು ಬಂದು ಮಲಗ್ತಾಳೆ, ನಾನು ಹೇಳಿದ್ದನ್ನ ನಂಬ್ತಾಳೆ. ನಾನು ಕಂಡಿದ್ದನ್ನ ಕಂಡೆ ಅನ್ನೋಳು ಅಂತ ನಂಬ್ತಾಳೆ."

"ಡೈಲಾಗ್ ಹೊಡೀಬೇಡ," ಅಂದ. "ನಂಗೆ ಗೊತ್ತು ನೀನು ಏನ್ ಮಾಡ್ತೀಯ ಅಂತ. ಮಾಡು." ಫೋನ್ ಇಟ್ಟ.

ನಾನು ಲೈಸೆನ್ಸಿನ ಹಿಂದಿದ್ದ ವನ್ಯಜೀವಿ ಇಲಾಖೆಯ ನಂಬರಿಗೆ ಕರೆ ಮಾಡಿದೆ. "ಗಂಡು ವಾರದಲ್ಲಿ ಹೆಣ್ಣು ಹೊಡೆದಿದ್ದೇನೆ, ಬಂದು ನೋಡಿ," ಎಂದೆ. ಆ ಕಡೆಯ ದನಿ ಹೆಸರನ್ನು ಮತ್ತೊಮ್ಮೆ ಕೇಳಿತು. ಹೇಳಿದೆ, ಒಂದೊಂದೇ ಅಕ್ಷರ ಬಿಡಿಸಿ. ರಿಕ್ ಟ್ರಕ್ ಹತ್ತಿ ಹೊರಟುಹೋದ. ಆ ದಿನದಿಂದ ಇವತ್ತಿನವರೆಗೆ ಅವನು ನನಗೆ ಗಂಡು ಯಾವಾಗ ಎಂದು ಕೇಳಿಲ್ಲ.

ಬಂದ ಅಧಿಕಾರಿ ನನಗಿಂತ ಹದಿನೈದು ವರ್ಷ ಚಿಕ್ಕವನು. ಗುಂಡು ತಾಗಿದ ಜಾಗ ನೋಡಿದ, ನಾನು ಕೂತಿದ್ದ ಸೀಟು ಹತ್ತಿ ಅಲ್ಲಿಂದ ಪೊದೆ ನೋಡಿದ, ಇಳಿದು ಬಂದು ಕೇಳಿದ: "ನಿಮಗೆ ಏನು ಕಾಣಿಸಿತು?"

"ನನಗೆ ಬೇಕಾದದ್ದು."

ಅವನು ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. "ಜನ ಸಾಮಾನ್ಯವಾಗಿ ನಮಗೆ ಫೋನ್ ಮಾಡುವುದಿಲ್ಲ," ಎಂದ. ಆದರೂ ಕೇಸು ಬರೆದ. ಬರೆಯಬೇಕಾದದ್ದೇ. ಜಿಂಕೆ ನನಗೆ ಸಿಗುವಂತಿರಲಿಲ್ಲ. ಹಸಿದವರಿಗೆ ಊಟ ಹಾಕುವ ಒಂದು ಕಡೆಗೆ ಕೊಡುತ್ತೇವೆ ಎಂದ. "ಹೊಟ್ಟೆ ಸೀಳಿ ಸ್ವಚ್ಛ ಮಾಡಿ ಕೊಡ್ತೀನಿ, ಅದೊಂದನ್ನ ಮಾಡೋಕೆ ಬಿಡಿ," ಎಂದು ಕೇಳಿದೆ. ಅವನು ಟಾರ್ಚ್ ಹಿಡಿದು ನಿಂತ. ಮಂಡಿಯೂರಿ ಕೆಲಸ ಮುಗಿಸಿದೆ. ಕೈಗಳಿಂದ ಹಬೆ ಏಳುತ್ತಿತ್ತು. ವಾಲ್ಟ್ ಬಕೆಟ್ಟಿನಲ್ಲಿ ಬಿಸಿನೀರು ತಂದು ಪಕ್ಕಕ್ಕಿಟ್ಟ.

ಮನೆಯಲ್ಲಿ ಮಂಜು ಒಂದು ವಾರ ನನ್ನೊಡನೆ ಉಪ್ಪು ಖಾರಕ್ಕಷ್ಟೇ ಮಾತಾಡಿದ. ಮಗಳು ಅನನ್ಯಾಗೆ ಆಗ ಹದಿನಾಲ್ಕು. ಟೋಸ್ಟಿಗೆ ಬೆಣ್ಣೆ ಸವರುತ್ತಾ, "ಸೋ ಯು ಕಾಲ್ಡ್ ದಿ ಕಾಪ್ಸ್ ಆನ್ ಯುವರ್‌ಸೆಲ್ಫ್?" ಎಂದಳು. ಹೌದು ಎಂದೆ. "ದಟ್ಸ್ ಸೋ ಯು, ಅಮ್ಮ." ಅದು ಬೈಗುಳವೋ ಹೊಗಳಿಕೆಯೋ ಇವತ್ತಿಗೂ ತಿಳಿಯದು. ಆಸ್ಪತ್ರೆಯಲ್ಲಿ ಡೆನೀಸ್ ಎಲ್ಲರೆದುರು, "ಅದಕ್ಕೂ ಸ್ವಲ್ಪ ಜೆಲ್ ಹಚ್ಚಬೇಕಿತ್ತು ನೀನು," ಎಂದಳು. ನಾನೇ ಮೊದಲು ನಕ್ಕೆ.

ನಗದವರು ನಮ್ಮ ಜನ. ಮಂಜು ವಕೀಲರ ಬಗ್ಗೆ ಒಬ್ಬ ಗೆಳೆಯನನ್ನು ಕೇಳಿದ್ದ. ಆ ಗೆಳೆಯ ತನ್ನ ಹೆಂಡತಿಗೆ ಹೇಳಿದ, ಅವಳು ಇನ್ನೊಬ್ಬಳಿಗೆ. ಭಾನುವಾರದ ಹೊತ್ತಿಗೆ ವಾಟ್ಸಾಪ್ ತುಂಬ ನಾನೇ. ನಾನು ಭಾನುವಾರಗಳಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಆ ತರಗತಿಗಳನ್ನು ನಡೆಸುತ್ತಿದ್ದವರು ವೈದೇಹಿ ಆಂಟಿ, ಮೈಸೂರಿನವರು, ದನಿಯೆತ್ತಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಅವರು ನನ್ನನ್ನು ಕಾರಿಡಾರಿಗೆ ಕರೆದರು.

"ರೇಣುಕಾ, ಬೇಜಾರ್ ಮಾಡ್ಕೋಬೇಡಿ. ಕೆಲವು ಪೇರೆಂಟ್ಸ್‌ಗೆ ಸ್ವಲ್ಪ ಕನ್ಸರ್ನ್ ಇದೆ. ಮನೇಲಿ ಗನ್ ಇದೆಯಂತೆ, ಕೋರ್ಟು ಕೇಸು ಬೇರೆ. ಈ ಟರ್ಮ್ ಸ್ವಲ್ಪ ರೆಸ್ಟ್ ತಗೊಳ್ಳಿ."

"ಗನ್ನು ಮೂರು ವರ್ಷದಿಂದ ಇದೆ ಆಂಟಿ, ಬೀಗದಲ್ಲಿ. ನಿಮ್ಮ ಮೊಮ್ಮಗಳಿಗೆ ಒತ್ತಕ್ಷರ ಕಲಿಸ್ದಾಗ್ಲೂ ಇತ್ತು."

"ಅದಲ್ಲಮ್ಮ. ಹೆಣ್ಣು ಜಿಂಕೆ. ಹೊಟ್ಟೇಲಿ ಮರಿ ಏನಾದ್ರೂ ಇದ್ದಿದ್ರೆ..."

"ನೋಡ್ದೆ. ಸೀಳಿದ್ದು ನಾನೇ. ಕಣ್ಣಿಗೆ ಕಾಣೋವಂಥದ್ದು ಏನೂ ಇರ್ಲಿಲ್ಲ. ಇದ್ದಿದ್ರೆ ಅದನ್ನೂ ನಿಮಗೆ ಹೇಳ್ತಿದ್ದೆ."

ಅವರು ಕಣ್ಣು ಮುಚ್ಚಿಕೊಂಡರು. "ನಮ್ಮಲ್ಲಿ ಇದೆಲ್ಲ ಇಲ್ಲ ನೋಡಿ..."

"ನಮ್ಮಲ್ಲಿ ಅಂದ್ರೆ ಯಾರಲ್ಲಿ ಆಂಟಿ?"

ಅವರು ಕಾರಿಡಾರಿನ ತುದಿಯ ಕಡೆ ನೋಡಿದರು. ಅವರು ಬಾಯಿಬಿಟ್ಟು ಹೇಳುವುದೂ ಬೇಕಿರಲಿಲ್ಲ. ನಾವು ಚಳ್ಳಕೆರೆ ಕಡೆಯ ಬೇಡರು. ಅದನ್ನು ನಾನು ಮುಚ್ಚಿಟ್ಟವಳಲ್ಲ, ಕೇಳಿದವರಿಲ್ಲ, ಅಷ್ಟೆ. ಆ ವಾರ ಕೇಳದೆಯೇ ಎಲ್ಲರಿಗೂ ತಿಳಿದುಹೋಗಿತ್ತು. "ಅವರಿಗೆ ಅದು ರಕ್ತದಲ್ಲೇ ಇದೆ" ಎಂದು ಯಾರೋ ಗುಂಪಿನಲ್ಲಿ ಬರೆದದ್ದನ್ನು ಮಂಜು ತನ್ನ ಫೋನಿನಿಂದ ಅಳಿಸುವ ಮೊದಲೇ ನೋಡಿದ್ದೆ. ನನ್ನಜ್ಜ ಮೊಲಕ್ಕೆ ಬಲೆ ಒಡ್ಡಿದ್ದು ನಿಜ. ಅದಕ್ಕೆ ನಾನು ತಲೆ ತಗ್ಗಿಸುವುದಿಲ್ಲ. ಆದರೆ ನನ್ನಪ್ಪ ಮೇಷ್ಟ್ರು. ಸೀಮೆಸುಣ್ಣ ಬಿಟ್ಟು ಬೇರೇನನ್ನೂ ಕೈಯಲ್ಲಿ ಹಿಡಿದವರಲ್ಲ. ನಾನು ಕೋವಿ ಹಿಡಿಯಲು ಕಲಿತದ್ದು ನ್ಯೂಜೆರ್ಸಿಯ ಒಂದು ಕೋಣೆಯಲ್ಲಿ, ಪ್ರಶ್ನೆಪತ್ರಿಕೆಗೆ ಉತ್ತರ ಬರೆದು. ನನ್ನ ಕಲಿಕೆಯೂ ನನ್ನದು, ನನ್ನ ತಪ್ಪೂ ನನ್ನದು. ಎರಡನ್ನೂ ನನ್ನ ಜಾತಿಯ ಹೆಸರಿಗೆ ಬರೆಯಲು ನಾನು ಯಾರಿಗೂ ಬಿಡುವುದಿಲ್ಲ.

"ತೆಗೀಬೇಕು ಅನ್ಸಿದ್ರೆ ಕಮಿಟಿ ತೆಗೀಲಿ ಆಂಟಿ," ಎಂದೆ. "ಕಾರಣ ಬರೆದು ಮೇಲ್ ಕಳಿಸಲಿ. ನಾನಾಗಿ ಬಿಡಲ್ಲ."

ಮೇಲ್ ಬರಲಿಲ್ಲ. ಮುಂದಿನ ಭಾನುವಾರ ಹದಿನಾಲ್ಕು ಮಕ್ಕಳಲ್ಲಿ ಎಂಟು ಮಂದಿ ಬಂದರು. ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿ, "ಆಂಟಿ, ಡಿಡ್ ಯು ರಿಯಲಿ ಶೂಟ್ ಅ ಡಿಯರ್?" ಎಂದಳು.

"ಕನ್ನಡದಲ್ಲಿ ಕೇಳು, ಹೇಳ್ತೀನಿ."

ಅವಳು ತುಟಿ ಕಚ್ಚಿಕೊಂಡು ಪದ ಹುಡುಕಿದಳು. "ನೀವು... ಜಿಂಕೆ... ಹೊಡೆದ್ರಾ?"

"ಹೊಡೆದೆ. ತಪ್ಪು ಜಿಂಕೆ ಹೊಡೆದೆ. ಆಮೇಲೆ ನಾನೇ ಫೋನ್ ಮಾಡಿ ಹೇಳಿದೆ. ಈಗ ಎಲ್ಲರೂ ಬರ್ಕೊಳ್ಳಿ: ಹೊಡೆದೆ, ಹೊಡೆದಳು, ಹೊಡೆದರು." ಯುಗಾದಿಯ ಹೊತ್ತಿಗೆ ಹನ್ನೆರಡು ಮಕ್ಕಳು ಬರುತ್ತಿದ್ದರು. ಇಬ್ಬರು ಬರಲೇ ಇಲ್ಲ. ಆ ಇಬ್ಬರ ಬಗ್ಗೆ ನನಗೆ ಬೇಸರವಿದೆ. ಒಬ್ಬ ಚೆನ್ನಾಗಿ ಓದುತ್ತಿದ್ದ.

ಜನವರಿಯ ಇಂಟರ್ವ್ಯೂನಲ್ಲಿ ಆ ಪ್ರಶ್ನೆ ಬಂತು. ಹೌದು ಎಂದೆ, ಕಾಗದ ಮುಂದಿಟ್ಟೆ. ಕೋರ್ಟು ಮುಗಿದ ಮೇಲೆ ನೋಡೋಣ ಎಂದು ಫೈಲು ಮುಚ್ಚಿದರು. ಮಂಜು ಅದೇ ತಿಂಗಳು ಕೈಯೆತ್ತಿ ಪೌರತ್ವದ ಪ್ರಮಾಣ ಮಾಡಿ ಪುಟ್ಟ ಬಾವುಟ ಹಿಡಿದು ಬಂದ. ಫೋಟೋದಲ್ಲಿ ನಾನು ಪಕ್ಕದಲ್ಲಿ ನಿಂತಿದ್ದೇನೆ. ಇಬ್ಬರ ಮುಖದಲ್ಲೂ ನಗು ಅಷ್ಟಕ್ಕಷ್ಟೆ.

ಫೆಬ್ರವರಿಯಲ್ಲಿ ಕೋರ್ಟು. ಆ ಬೆಳಿಗ್ಗೆ ಕಾರಿನ ಹಿಮ ಕೆರೆಯಲು ಹೊರಗೆ ಬಂದರೆ ಮಂಜು ಆಗಲೇ ಕೆರೆದು ಮುಗಿಸಿ ಸ್ಟಿಯರಿಂಗ್ ಹಿಡಿದು ಕೂತಿದ್ದ. "ಆಫೀಸ್?" ಎಂದೆ. "ರಜೆ," ಎಂದ. ಅರ್ಧ ದಾರಿ ಕಳೆದ ಮೇಲೆ ಹೇಳಿದ: "ನಂಗೆ ಭಯ ಆಗಿತ್ತು ರೇಣು. ಇನ್ನೂ ಇದೆ. ನಿನ್ನ ಮೇಲೆ ಸಿಟ್ಟಿಲ್ಲ ಅಂತ ಮಾತ್ರ ಅನ್ಕೋಬೇಡ. ಸಿಟ್ಟೂ ಇದೆ."

"ಇರ್ಲಿ. ಬಂದ್ಯಲ್ಲ," ಎಂದೆ.

ನನಗಿಂತ ಮುಂಚೆ ಕರೆದ ಮೂವರೂ ತಾವು ಮಾಡಿಲ್ಲ ಎಂದು ವಾದಿಸಿದರು. ನನ್ನ ಸರದಿಯಲ್ಲಿ ತಪ್ಪೊಪ್ಪಿಕೊಂಡೆ. ನ್ಯಾಯಾಧೀಶರು ಕಾಗದ ತಿರುವಿ, "ನೀವೇ ಕರೆ ಮಾಡಿದಿರಿ ಅಂತಿದೆ ಇಲ್ಲಿ. ಯಾಕೆ?" ಎಂದರು.

"ಹೊಡೆದವಳು ನಾನು. ಇನ್ಯಾರು ಹೇಳಬೇಕಿತ್ತು?"

ದಂಡ ಹಾಕಿದರು, ಕಟ್ಟಿದೆ. ಲೈಸೆನ್ಸ್ ಕಿತ್ತುಕೊಳ್ಳಲಿಲ್ಲ. ಹೊರಗೆ ಬಂದಾಗ ಆ ತರುಣ ಅಧಿಕಾರಿ ಬಾಗಿಲಲ್ಲಿ ನಿಂತಿದ್ದ. ಮುಂದಿನ ಸೀಸನ್ನಿನಲ್ಲಿ ಸಿಗೋಣ ಎಂದ. ಸಿಗೋಣ ಎಂದೆ. ಮಂಜು ನಮ್ಮಿಬ್ಬರನ್ನೂ ನೋಡಿ ನಿಟ್ಟುಸಿರಿಟ್ಟ.

ಬೇಸಿಗೆ ಪೂರ್ತಿ ಪೌರತ್ವದ ಸುದ್ದಿಯಿಲ್ಲ. ಆಗಸ್ಟಿನಲ್ಲಿ ಹೊಸ ಸೀಸನ್ನಿನ ಬೇಟೆಯ ಅನುಮತಿ ಕೊಂಡುಕೊಂಡೆ. ನವೆಂಬರಿನ ಕೊನೆಗೆ ನೂವಾರ್ಕಿನಿಂದ ಮತ್ತೆ ಕರೆ ಬಂತು. ಹೊರಡುವಾಗ ಮಂಜು ನನ್ನ ಕೋಟಿನ ಗುಂಡಿ ಹಾಕುತ್ತಾ ಹೇಳಿದ: "ಕೇಳಿದ್ರೆ ಬಿಟ್ಬಿಟ್ಟೆ ಅನ್ನು. ಒಂದು ಮಾತು. ನನಗೋಸ್ಕರ."

ಒಳಗೆ ಅರವತ್ತರ ಆಸುಪಾಸಿನ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ಕೋರ್ಟಿನ ಕಾಗದವನ್ನು ಎರಡು ನಿಮಿಷ ಓದಿದರು. "ಜಿಂಕೆ," ಎಂದರು.

"ಹೌದು ಮೇಡಂ. ಗಂಡು ಅಂದುಕೊಂಡು ಹೆಣ್ಣು ಹೊಡೆದೆ."

"ಇದೆಲ್ಲ ಈಗ ನಿಲ್ಲಿಸಿದ್ದೀರಲ್ಲ?"

ಅವರು ಪೆನ್ನಿನ ತುದಿಯನ್ನು ಕಾಗದದ ಮೇಲೆ ಇಟ್ಟಾಗಿತ್ತು. ಹೂಂ ಅಂದರೆ ಮುಗಿಯುತ್ತಿತ್ತು. ಮಂಜುವಿನ ಮುಖ ನೆನಪಾಗದೆ ಇರಲಿಲ್ಲ.

"ಇಲ್ಲ," ಎಂದೆ. "ಡಿಸೆಂಬರಿನಲ್ಲಿ ಮತ್ತೆ ಗಂಡು ವಾರ. ಸೋಮವಾರ ಶುರು. ರಜೆ ಹಾಕಿದ್ದೇನೆ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಗಲಿಲ್ಲ, ಗದರಲಿಲ್ಲ. ಕೀಬೋರ್ಡಿನ ಕಡೆ ತಿರುಗಿ ಬಹಳ ಹೊತ್ತು ಏನೋ ಬಡಿದರು. ಆಮೇಲೆ ಒಂದು ಹಾಳೆ ನನ್ನ ಮುಂದೆ ಸರಿಸಿ, ಅಭಿನಂದನೆಗಳು, ಇಲ್ಲಿ ಸಹಿ ಹಾಕಿ ಎಂದರು.

ಹೊರಗಿನ ಸಾಲು ಕುರ್ಚಿಗಳಲ್ಲಿ ಕೂತಿದ್ದ ಮಂಜು ನನ್ನನ್ನು ಕಂಡದ್ದೇ ಎದ್ದು ನಿಂತ. "ಏನಾಯ್ತು? ಕೇಳಿದ್ರಾ? ಏನಂದೆ?"

"ಪಾಸ್ ಆಯ್ತು," ಅಂದೆ. "ಸೋಮವಾರ ಬೆಳಿಗ್ಗೆ ಅನನ್ಯಾನ ಸ್ಕೂಲಿಗೆ ನೀನೇ ಬಿಡ್ಬೇಕು."